ಹೋಲ್ಡಾನಪ್ಪನ ಅಂಗಾಲು

ಮೂವತ್ತೊಂದು ವರ್ಷ ಓಡುವ ಬಸ್ಸಿನಲ್ಲಿ ನಿಂತು ಒಂದು ಸಲವೂ ಬೀಳದ ಮನುಷ್ಯ, ನಿವೃತ್ತನಾದ ಮರುದಿನ ಬೆಳಿಗ್ಗೆ ಎಂಟೂವರೆಗೆ, ತನ್ನ ಸ್ವಂತ ಮನೆಯ ಅಡುಗೆಮನೆ ಬಾಗಿಲಲ್ಲಿ, ಯಾರೂ ತಳ್ಳದೆ, ಏನನ್ನೂ ಎಡವದೆ, ನಿಂತಲ್ಲೇ ಬಿದ್ದ.

ಹೆಂಡತಿ ಒಲೆಯ ಕಡೆಯಿಂದ ತಿರುಗಿ ನೋಡಿದಳು.

"ಏನಾಯ್ತ್ರೀ?"

"ಏನಿಲ್ಲ. ಬ್ರೇಕ್ ಹಾಕಿದ ಹಾಗಾಯ್ತು."

"ಅಡುಗೆಮನೇಗೆ ಬ್ರೇಕು ಯಾವಾಗ ಹಾಕಿಸಿದ್ರಿ? ಏಳಿ, ನೆಲ ಒರೆಸ್ಬೇಕು ನಾನು."

ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಬಾರದು. ಹದಿನಾಲ್ಕನೇ ನಂಬರಿನ ಬಸ್ಸಿಗೆ ಕಂಡಕ್ಟರ್ ಆಗಿದ್ದ ಈತ "ಹೋಲ್ಡಾನ್" ಎಂದು ಕೂಗಿದರೆ ಸ್ಟಾಪಿನ ಮೇಲೆ ಕೂತ ಪಾರಿವಾಳಗಳು ಹಾರಿಹೋಗುತ್ತಿದ್ದವು. ಹಾಗಾಗಿ ಊರು ಅವನಿಗೆ ಹೋಲ್ಡಾನಪ್ಪ ಎಂದು ಮರುನಾಮಕರಣ ಮಾಡಿತ್ತು. ನಿವೃತ್ತಿಯ ಕಾಗದಕ್ಕೆ ಅವನ ಕೈ ಸಹಿ ಹಾಕಿತ್ತು; ಅಂಗಾಲು ಹಾಕಿರಲಿಲ್ಲ. ನೆಲ ಈಗ ಎಡಕ್ಕೆ ವಾಲುತ್ತದೆ ಎಂದು ಅದು ತಾನೇ ಬಲಕ್ಕೆ ಒತ್ತುತ್ತಿತ್ತು. ಮನೆಯ ನೆಲ, ಪಾಪ, ಎಲ್ಲಿಗೂ ವಾಲುತ್ತಿರಲಿಲ್ಲ. ಹೀಗಾಗಿ ಮನುಷ್ಯನೇ ವಾಲಬೇಕಾಗಿ ಬಂತು.

ಆದರೆ ಬಿದ್ದದ್ದಕ್ಕಿಂತ ಹೆಚ್ಚು ನೋವು ಕೊಟ್ಟ ಸಂಗತಿ ಬೇರೆಯಿತ್ತು. ಮೂವತ್ತೊಂದು ವರ್ಷ ಅವನು ಹೆಂಡತಿ ಏಳುವ ಮೊದಲು ಮನೆ ಬಿಟ್ಟು, ಅವಳು ಮಲಗಿದ ಮೇಲೆ ಮನೆ ಸೇರಿದವನು. ಇಬ್ಬರ ಸಂಸಾರದ ಮಾತುಕತೆಯೆಲ್ಲ ಸಕ್ಕರೆ ಡಬ್ಬದ ಕೆಳಗಿಟ್ಟ ಚೀಟಿಗಳಲ್ಲಿ ನಡೆದಿತ್ತು. 'ಗ್ಯಾಸ್ ಮುಗಿದಿದೆ.' 'ಹೇಳಿದ್ದೇನೆ.' 'ಜ್ವರ ಹೇಗಿದೆ?' 'ಮೊನ್ನೆಯೇ ಬಿಟ್ಟಿತು.' ಬಸ್ಸಿನಲ್ಲಿ ಕಂಡದ್ದು, ಕೇಳಿದ್ದು, ನಕ್ಕದ್ದು ಎಲ್ಲವನ್ನೂ ಅವನು 'ರಿಟೈರ್ ಆದ್ಮೇಲೆ ಕೂತು ಹೇಳೋಣ' ಎಂದು ತೆಗೆದಿಟ್ಟಿದ್ದ. ಈಗ ರಿಟೈರ್ ಆದ. ಕೂತ. ಹೇಳೋಣವೆಂದರೆ ಎದುರಿಗೆ ಅವಳು ಕೂರುತ್ತಿರಲಿಲ್ಲ.

ಅವಳು ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುವವಳು. ಬೆಳಿಗ್ಗೆ ಹೊಲಿಗೆ ಮಿಶಿನ್ನು, ಮಧ್ಯಾಹ್ನ ಅಳತೆ ಕೊಡಲು ಬರುವವರು, ಸಂಜೆ ಐದಕ್ಕೆ ಕ್ಲಾಸು. ಮೂವತ್ತು ವರ್ಷ ಮಿಶಿನ್ನಿನ ಪೆಡಲು ತುಳಿದು ಮಂಡಿ ಹಿಡಿದುಕೊಂಡಿತ್ತೆಂದು ಡಾಕ್ಟರು ಹೇಳಿದ ಮೇಲೆ, ಆರು ತಿಂಗಳಿಂದ ಅವಳು ಬರಿಗಾಲಿನ ಡಾನ್ಸ್ ಫಿಟ್‌ನೆಸ್ ಕ್ಲಾಸಿಗೆ ಹೋಗುತ್ತಿದ್ದಳು. ಗಂಡನಿಲ್ಲದ ಮನೆಗೆ ಅವಳು ಟೈಮ್ ಟೇಬಲ್ ಹಾಕಿಕೊಂಡಿದ್ದಳು. ಅದರಲ್ಲಿ ಅವನಿಗೊಂದು ಸ್ಟಾಪು ಇರಲಿಲ್ಲ. ಸಂಜೆ ಅವಳು ಹೊರಟ ಮೇಲೆ ಗೇಟಿನ ಹತ್ತಿರ ನಿಂತು ರಸ್ತೆ ತಿರುವಿನವರೆಗೂ ನೋಡುತ್ತಿದ್ದ ಅವನ ಮುಖ, ಎಷ್ಟೋ ವರ್ಷ ಅವನ ಬಸ್ಸಿನ ಹಿಂದೆ ಓಡಿ ಓಡಿ ಹಿಂದುಳಿದವರ ಮುಖದ ಹಾಗೇ ಇತ್ತು. ಆಗ ಅವನು ಅವರನ್ನು ನೋಡಿ ನಗುತ್ತಿದ್ದ.

ಒಂಬತ್ತನೇ ದಿನ ಧೈರ್ಯ ಮಾಡಿ ಕೇಳಿದ. "ಇವಳೇ, ನಾನೂ ಬರ್ಲಾ?"

"ಎಲ್ರೂ ಕುಣಿಯೋ ಕಡೆ ನಿಮಗೇನ್ರೀ ಕೆಲಸ? ನೆಟ್ಟಗೆ ನಿಂತ್ಕೊಳ್ಳೋಕೇ ಬರಲ್ಲ."

"ನಿಂತ್ಕೊಳ್ಳೋದು ನನಗೆ ಬರಲ್ವಾ? ನನಗೆ?" ಎಂದು ಎದ್ದು ನಿಂತ. ಗೋಡೆಗೆ ಭುಜ ತಾಗಿತು. ಬೇಕೆಂದೇ ಒರಗಿದವನ ಹಾಗೆ ಕೈ ಕಟ್ಟಿಕೊಂಡ. "ಎಷ್ಟು ದೂರ?"

"ಹನ್ನೆರಡು ನಿಮಿಷ."

ಹೋಗೋಕೆ ಹನ್ನೆರಡು, ಬರೋಕೆ ಹನ್ನೆರಡು ಎಂದು ಅವನು ಮನಸ್ಸಿನಲ್ಲೇ ಹೇಳಿಕೊಂಡು ಅಂಗಿ ಹಾಕಿಕೊಂಡ.

ಕ್ಲಾಸು ನಡೆಯುತ್ತಿದ್ದದ್ದು ಒಂದು ಮುದ್ರಣಾಲಯದ ಮೇಲಿನ ಮಾಳಿಗೆಯಲ್ಲಿ. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಡಬೇಕು. ಮೇಲೆ ಹಲಗೆ ಹಾಸಿದ ಉದ್ದನೆಯ ಕೋಣೆ, ಒಂದು ಗೋಡೆಗೆ ಪೂರಾ ಕನ್ನಡಿ. ಟೀಚರ್ ಇಪ್ಪತ್ತೆಂಟರ ಹುಡುಗಿ. ಜನರ ಮುಖಕ್ಕೆ ನಮಸ್ಕಾರ ಹೇಳಿ ಕಾಲಿನ ಜೊತೆ ಮಾತಾಡುವವಳು.

"ಕುಣಿಯೋದು ಆಮೇಲೆ, ಮೊದಲು ಪಾಯ ಗಟ್ಟಿ ಆಗ್ಬೇಕು," ಎಂದು ಶುರು ಮಾಡಿದಳು. "ಹಿಮ್ಮಡಿ ಒಂದು, ಹೆಬ್ಬೆರಳಿನ ಬುಡ ಎರಡು, ಕಿರುಬೆರಳಿನ ಬುಡ ಮೂರು. ಮೂರೂ ನೆಲ ಮುಟ್ಟಿರ್ಬೇಕು. ಬೆರಳು ಬಿಡಿಸಿ, ಬಿಗಿ ಹಿಡೀಬೇಡಿ. ಮಂಡಿ ಕಾಲ್ಬೆರಳು ನೋಡೋ ಕಡೇನೇ ನೋಡ್ಲಿ. ಬೀಗ ಹಾಕಿದ ಹಾಗೆ ಸೆಟೆಸ್ಬೇಡಿ, ಸ್ವಲ್ಪ ಸಡಿಲ ಬಿಡಿ. ಈಗ ಒಂದು ಕಾಲೆತ್ತಿ!"

ಹನ್ನೆರಡು ಜನ ಒಂದೊಂದು ಕಾಲೆತ್ತಿದರು. ಸರಿಯಾಗಿ ಅದೇ ಹೊತ್ತಿಗೆ ಕೆಳಗಡೆ ಮುದ್ರಣಾಲಯದ ದೊಡ್ಡ ಮಿಶಿನ್ನು ಗಡಗಡ ಎಂದು ಹೊರಟಿತು. ಹಲಗೆ ಸಣ್ಣಗೆ ಅದುರಿತು. ಔಷಧಿ ಅಂಗಡಿಯವನು ಪಕ್ಕದವರ ಮೇಲೆ ಬಿದ್ದ. ಅವನ ಎಪ್ಪತ್ತನಾಲ್ಕು ವರ್ಷದ ತಾಯಿ ಅವನ ಮೇಲೆ ಬಿದ್ದರು. ಹೋಲ್ಡಾನಪ್ಪನ ಅಂಗಾಲಿಗೆ ಮಾತ್ರ ತವರು ಸಿಕ್ಕಿತು. ಒಂಬತ್ತು ದಿನಗಳಿಂದ ಹುಡುಕುತ್ತಿದ್ದ ಅದುರು ಹಿಮ್ಮಡಿಯಿಂದ ಹತ್ತಿ, ಮೀನಖಂಡ ದಾಟಿ, ಸೊಂಟಕ್ಕೆ ಬಂದು ಕೂತಿತು. ಮಂಡಿ ತಾನೇ ಸಡಿಲವಾಯಿತು. ಒಂಟಿ ಕಾಲಲ್ಲಿ ಅವನು ಕಲ್ಲುಕಂಬದ ಹಾಗೆ ನಿಂತ. ಅಷ್ಟೇ ಅಲ್ಲ, ಆ ಸುಖದಲ್ಲಿ ಕಣ್ಣು ಮುಚ್ಚಿಕೊಂಡ.

ಟೀಚರ್ ಚಪ್ಪಾಳೆ ತಟ್ಟಿದಳು. "ಎಲ್ರೂ ಬನ್ನಿ. ಈ ಕಾಲು ನೋಡಿ!"

ಹತ್ತು ಜನ ಬಗ್ಗಿ ಅವನ ಕಾಲು ನೋಡಿದರು. ಮೂವತ್ತೊಂದು ವರ್ಷ ಜನರಿಂದ ಅದನ್ನು ತುಳಿಸಿಕೊಂಡದ್ದೇ ಹೊರತು ಹೀಗೆ ಯಾರೂ ಬಗ್ಗಿ ನೋಡಿರಲಿಲ್ಲ.

"ಎಲ್ಲಿ ಕಲಿತ್ರಿ ಸಾರ್ ಇದನ್ನ?"

'ಬಸ್ಸಿನಲ್ಲಿ' ಎಂದು ಹೇಳಿ ಮುಗಿಸಿದ್ದರೆ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹನ್ನೊಂದನೆಯವಳು, ಬಗ್ಗದೆ ನೆಟ್ಟಗೆ ನಿಂತಿದ್ದ ಅವನ ಹೆಂಡತಿ, ಅವನನ್ನೇ ನೋಡುತ್ತಿದ್ದಳು. ಅವಳು ಹಾಗೆ ನೋಡಿ ಎಷ್ಟು ವರ್ಷವಾಗಿತ್ತೋ!

"ಗುರುಗಳ ಹತ್ರ," ಎಂದ ಹೋಲ್ಡಾನಪ್ಪ, ಕಣ್ಣು ಅರ್ಧ ತೆರೆದು. "ಮೂವತ್ತೊಂದು ವರ್ಷ, ದಿನಾ ಹದಿನಾಲ್ಕು ಗಂಟೆ."

"ಅಯ್ಯೋ ದೇವ್ರೇ! ಕೂರ್ತಾನೇ ಇರ್ಲಿಲ್ವಾ?"

"ಗುರುಗಳು ಕೂತಿರೋರು. ಶಿಷ್ಯ ನಿಂತಿರ್ಬೇಕು. ಅವರು ತಿರುಗಿ ಕೂಡ ನೋಡ್ತಿರ್ಲಿಲ್ಲ."

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅಷ್ಟೂ ವರ್ಷ ಡ್ರೈವರು ಕೂತೇ ಇದ್ದ, ಹಿಂದೆ ತಿರುಗಿ ನೋಡಿರಲಿಲ್ಲ.

ಮನೆಗೆ ಹೋಗುವಾಗ ಹೆಂಡತಿ ಐದು ನಿಮಿಷ ರಸ್ತೆಯನ್ನೇ ನೋಡುತ್ತಾ ನಡೆದಳು. ಆರನೇ ನಿಮಿಷಕ್ಕೆ, "ನಿಮ್ಮ ಗುರುಗಳು ಬೀಡಿ ಸೇದ್ತಿದ್ರಲ್ವಾ?" ಎಂದಳು. ಇಬ್ಬರೂ ದೀಪದ ಕಂಬ ಹಿಡಿದುಕೊಂಡು ನಕ್ಕರು. ಉಳಿದ ಆರು ನಿಮಿಷದಲ್ಲಿ ಅವನು, ಬಸ್ಸಿನಲ್ಲಿ ಒಬ್ಬ ಕನ್ನಡಕದವನು ಮೂರು ಸ್ಟಾಪಿನವರೆಗೆ ಪಕ್ಕದವನ ಪೇಪರು ಓದಿ, ಪುಟ ತಿರುಗಿಸಿದ್ದಕ್ಕೆ ಜಗಳಕ್ಕೆ ನಿಂತದ್ದನ್ನು ಹೇಳಿದ. ಗೇಟು ಬಂದದ್ದೇ ಗೊತ್ತಾಗಲಿಲ್ಲ. ಆ ರಾತ್ರಿ ಮಲಗುವ ಮುಂಚೆ ನಾಳೆ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡ. ಇದಕ್ಕಿಂತ ಹೆಚ್ಚು ಅವನಿಗೆ ಏನೂ ಬೇಕಿರಲಿಲ್ಲ.

ಬೇಕಿಲ್ಲದ್ದೇ ಮೊದಲು ಬರುವುದು ಲೋಕದ ರೂಢಿ. ಮೂರನೇ ದಿನ ಔಷಧಿ ಅಂಗಡಿಯವನು ತಾಯಿಯನ್ನು ಕರೆದುಕೊಂಡು ಮನೆಗೇ ಬಂದ.

"ಗುರುಗಳೇ, ಅಮ್ಮನಿಗೆ ನಡೆಯುವಾಗ ಹಿಂದಕ್ಕೆ ಎಳೆದ ಹಾಗಾಗತ್ತಂತೆ."

ಹೋಲ್ಡಾನಪ್ಪ ಬಹಳ ಹೊತ್ತು ಆಕೆಯ ಕಾಲನ್ನು ನೋಡಿದ. ತಿಳಿದದ್ದನ್ನೇ ಹೇಳಿದ. "ಹಿಂದೆ ಯಾಕೆ ಗುಂಪು ಕಟ್ಟಿದ್ದೀರಿ? ಮುಂದೆ ಜಾಗ ಖಾಲಿ ಇದೆ. ಮುಂದೆ ಹೋಗಿ."

ಮುದುಕಿ ಹಿಮ್ಮಡಿಯ ಭಾರವನ್ನು ಮುಂಗಾಲಿಗೆ ತಂದರು. ಎರಡು ಹೆಜ್ಜೆ ಇಟ್ಟರು. "ಎಳೀತಾನೇ ಇಲ್ಲ ಕಣೋ!" ಎಂದು ಮಗನ ಬೆನ್ನಿಗೆ ಗುದ್ದಿದರು.

ಅಲ್ಲಿಗೆ ಅವನ ನೆಮ್ಮದಿ ಮುಗಿಯಿತು. ವಾರದೊಳಗೆ ಅಂಗಳದಲ್ಲಿ ಸಾಲು. ಮೀನಖಂಡ ಹಿಡಿದವರು, ಪಾದ ಜೋಮು ಹಿಡಿದವರು, ಏನೂ ಹಿಡಿಯದೆ ಸುಮ್ಮನೆ ನೋಡಲು ಬಂದವರು. "ಇಳಿಯೋರಿಗೆ ಮೊದಲು ದಾರಿ ಬಿಡಿ" ಎಂದರೆ ಉಸಿರು ಬಿಡುವುದು ಎಂದು ಅವರೇ ಅರ್ಥ ಮಾಡಿಕೊಂಡರು. "ಫುಟ್‌ಬೋರ್ಡ್ ಮೇಲೆ ನಿಲ್ಬೇಡಿ" ಎಂದದ್ದಕ್ಕೆ ಮೂರು ಬೇರೆ ಬೇರೆ ವ್ಯಾಖ್ಯಾನ ಹುಟ್ಟಿ, ಎರಡು ಮನೆಗಳ ನಡುವೆ ಮಾತು ನಿಂತಿತು. ಮಹಾತ್ಮನಾಗಲು ಜ್ಞಾನಕ್ಕಿಂತ ಹೆಚ್ಚಾಗಿ ಅಂಗಳ ಬೇಕು ಎಂಬುದು ಇದರಿಂದ ಸಿದ್ಧವಾಗುತ್ತದೆ.

ಹೆಂಡತಿಯ ತಮ್ಮ ಮಾತ್ರ ನಂಬಲಿಲ್ಲ. ಅವನು ಕಟ್ಟಡದ ಮೇಸ್ತ್ರಿ. ಮದುವೆ ಮನೆಗೆ ಹೋದರೂ ಜೇಬಿನಲ್ಲಿ ನೆಲದ ಓರೆ ಅಳೆಯುವ ರಸಮಟ್ಟ ಇಟ್ಟುಕೊಂಡು ಹೋಗುವವನು. "ಭಾವ, ಪಾಯದ ವಿಷ್ಯ ನನ್ನ ಹತ್ರ ಆಡ್ಬೇಡಿ," ಎಂದು ಅಂಗಳದ ಮಧ್ಯೆ ನಿಂತು ಹೇಳಿದ. "ನಿಮ್ಮ ಮನೇಲೇ ನೀವು ಗೋಡೆ ಹಿಡ್ಕೊಂಡು ಓಡಾಡ್ತೀರಿ. ಅಲ್ಲಿ ಮಾತ್ರ ಹೇಗೆ ಕಂಬ ಆಗ್ತೀರಿ?"

"ಅದು ಆ ಜಾಗದ ಮಹಿಮೆ ಕಣಯ್ಯಾ," ಎಂದ ಹೋಲ್ಡಾನಪ್ಪ. ಇದನ್ನು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಸಾಲಿನಲ್ಲಿ ಬಂದವರಿಗೆಲ್ಲ ನೀರು ಕೊಡುವುದು, ಕುರ್ಚಿ ಹಾಕುವುದು ಹೆಂಡತಿಯ ಪಾಲಿಗೆ ಬಂತು. ಹೊಲಿಗೆ ಹಿಂದೆ ಬಿತ್ತು. ಹಿಂದೆ ಬಿದ್ದದ್ದನ್ನು ಮುಗಿಸಲು ಅವಳು ಊಟಕ್ಕೂ ಮಿಶಿನ್ನಿನ ಮುಂದೆಯೇ ಕೂತಳು. ಸಂಜೆಯ ದಾರಿಯಾದರೂ ಉಳಿಯಿತೇ? ಅದೂ ಇಲ್ಲ. ಕ್ಲಾಸು ಬಿಟ್ಟ ಕೂಡಲೇ ಶಿಷ್ಯರು ಅವನನ್ನು ಸುತ್ತುವರಿಯುತ್ತಿದ್ದರು. "ಗುರುಗಳೇ, ಮಂಡಿ ಒಳಗೆ ಬೀಳತ್ತೆ." "ಗುರುಗಳೇ, ಕಿರುಬೆರಳು ಮಾತು ಕೇಳಲ್ಲ." ಅವನು ಎರಡು ಕಡೆಗೂ ಉತ್ತರ ಕೊಡುತ್ತಾ, ಅವರ ತಲೆಗಳ ಮೇಲಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದ. ಹತ್ತು ಮಾರು ಮುಂದೆ ಅವಳು ಒಬ್ಬಳೇ ನಡೆಯುತ್ತಿದ್ದಳು. ಮೊದಲಿನ ಹಾಗೆ ಕುಂಟುತ್ತಿರಲಿಲ್ಲ. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಪೂರ್ತಿ ಪಾದ ಊರಿ ಹಗುರಾಗಿ ಹೋಗುತ್ತಿದ್ದಳು. ಕೂಗಿ ನಿಲ್ಲಿಸೋಣ ಎನಿಸುತ್ತಿತ್ತು. ಊರಿನ ಬಸ್ಸುಗಳನ್ನೆಲ್ಲ ನಿಲ್ಲಿಸಿದ ಗಂಟಲು ಆಗ ಮಾತ್ರ ಏಳುತ್ತಿರಲಿಲ್ಲ.

ಇಷ್ಟರಲ್ಲಿ ಸುದ್ದಿ ಆರೋಗ್ಯ ಇಲಾಖೆಗೂ ಹೋಯಿತು. ಅಲ್ಲಿನ ಸಾಹೇಬರು ಸ್ವತಃ ಬಂದು ನೋಡಿ, ಸರಿಯೆನಿಸಿದರೆ ವಯಸ್ಸಾದವರಿಗೆಲ್ಲ ಈ ಬರಿಗಾಲಿನ ಪಾಠ ಮಾಡಿಸುತ್ತಾರಂತೆ. ವಾರದ ದಿನಗಳಲ್ಲಿ ಅವರಿಗೆ ಪುರುಸೊತ್ತಿಲ್ಲದ ಕಾರಣ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಟೀಚರ್ ಕೈ ಮುಗಿದಳು. "ಸಾರ್, ನೀವು ಒಂದು ಕಾಲಲ್ಲಿ ಐದು ನಿಮಿಷ ನಿಂತ್ರೆ ಸಾಕು. ನನ್ನ ಕ್ಲಾಸು ಉದ್ಧಾರ ಆಗತ್ತೆ."

ಭಾನುವಾರ ಮುದ್ರಣಾಲಯಕ್ಕೆ ರಜೆ ಎಂಬ ಸಂಗತಿ ಇಡೀ ಊರಿಗೆ ಗೊತ್ತಿತ್ತು. ಅದರಿಂದ ಏನಾಗಬಹುದು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಹತ್ತಕ್ಕೆ ಮಾಳಿಗೆ ತುಂಬಿತ್ತು. ಸಾಹೇಬರು ಬೂಟು ಬಿಚ್ಚಿ, ಕಾಲುಚೀಲದಲ್ಲೇ ಮುಂದಿನ ಕುರ್ಚಿಯಲ್ಲಿ ಕೂತು ಪುಸ್ತಕ ತೆಗೆದರು. ಹಿಂದೆ ಗೋಡೆಗೆ ಒರಗಿ ಮೇಸ್ತ್ರಿ. ಮೂರನೇ ಸಾಲಿನಲ್ಲಿ ಹೆಂಡತಿ. ಹೋಲ್ಡಾನಪ್ಪ ಮುಂದೆ ಬಂದು ಪಾದ ಊರಿದ. ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ. ನೆಲ ಮಾತಾಡಲಿಲ್ಲ. ಇನ್ನೊಮ್ಮೆ ಒತ್ತಿ ನೋಡಿದ. ಸತ್ತ ನೆಲ.

"ಶುರು ಮಾಡಿ ಸಾರ್," ಎಂದಳು ಟೀಚರ್.

ಕಾಲೆತ್ತಿದ. ಎಡಕ್ಕೆ ವಾಲಿದ. ತಡೆದುಕೊಂಡು ಬಲಕ್ಕೆ ವಾಲಿದ. ಮತ್ತೆ ಎಡಕ್ಕೆ.

ಸಾಹೇಬರು ಟೀಚರ್ ಕಡೆ ಬಗ್ಗಿದರು. "ಇವರು ಬೆಳಿಗ್ಗೆ ಏನಾದ್ರೂ ತಗೊಂಡಿದ್ದಾರಾ?"

"ಇಲ್ಲ ಸಾರ್! ಇದು... ಇದು ಮೇಲಿನ ಹಂತ ಸಾರ್."

ಮೇಲಿನ ಹಂತ ಎಂದು ಕೇಳಿದ್ದೇ ತಡ, ಹಿಂದಿದ್ದ ಶಿಷ್ಯರೆಲ್ಲ ಒಂದೊಂದು ಕಾಲೆತ್ತಿ ಎಡಕ್ಕೂ ಬಲಕ್ಕೂ ವಾಲತೊಡಗಿದರು. ಔಷಧಿ ಅಂಗಡಿಯವನ ತಾಯಿಗಂತೂ ಸರಾಗವಾಗಿ ಬಂತು. ಇಡೀ ಮಾಳಿಗೆ ಒಟ್ಟಿಗೆ ಎಡಕ್ಕೆ ಹೋಗಿ ಒಟ್ಟಿಗೆ ಬಲಕ್ಕೆ ಬರುವುದನ್ನು ಕನ್ನಡಿಯಲ್ಲಿ ಕಂಡು ಸಾಹೇಬರು, "ಅದ್ಭುತ! ಏನು ಶಿಸ್ತು!" ಎಂದು ಬರೆದುಕೊಂಡರು. ತಡೆಯಲಾರದೆ ಕಾಲುಚೀಲ ಬಿಚ್ಚಿ ಎಸೆದು ತಾವೂ ಬಂದು ಹೋಲ್ಡಾನಪ್ಪನ ಪಕ್ಕ ನಿಂತು ಕಾಲೆತ್ತಿದರು.

ನಿಲ್ಲಬಾರದಿತ್ತು. ಮುಂದಿನ ಸಲ ವಾಲಿದ ಹೋಲ್ಡಾನಪ್ಪ ಹಿಂದಿರುಗಿ ಬರಲಿಲ್ಲ. ಕೈಗೆ ಸಿಕ್ಕ ಸಾಹೇಬರ ಬೆಲ್ಟು ಹಿಡಿದ. ಸಾಹೇಬರು ಟೀಚರನ್ನು ಹಿಡಿದರು. ಟೀಚರ್ ಮೊದಲ ಸಾಲನ್ನು ಹಿಡಿದಳು. ಮೊದಲ ಸಾಲು ಎರಡನೆಯದನ್ನು ತಬ್ಬಿಕೊಂಡು ಕೂತಿತು. ಮೂರನೇ ಸಾಲಿನಲ್ಲಿ ಹೋಲ್ಡಾನಪ್ಪನ ಹೆಂಡತಿ ಮಾತ್ರ, ಮೈಮೇಲೆ ಇಬ್ಬರು ಬಿದ್ದರೂ, ಕದಲದೆ ನಿಂತಿದ್ದಳು. ಆರು ತಿಂಗಳ ಪಾಠವನ್ನು ನಿಜವಾಗಿ ಕಲಿತವಳು ಅವಳೊಬ್ಬಳೇ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆಯನ್ನು ಪರೀಕ್ಷಿಸುವವನ ಹಾಗೆ ಮೇಸ್ತ್ರಿ ರಾಶಿಯನ್ನು ದಾಟಿಕೊಂಡು ಬಂದು, ಹಲಗೆಯ ಮೇಲೆ ರಸಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದ.

"ನೆಲ ಸರಿಯಾಗಿದೆ. ಭಾವನೇ ಡೊಂಕು. ದಿನಾ ಕೆಳಗೆ ಮಿಶಿನ್ನು ಓಡ್ತಿರತ್ತೆ, ನೆಲ ಅದುರ್ತಿರತ್ತೆ. ಬಸ್ಸಲ್ಲಿ ನಿಂತ ಹಾಗೆ ನಿಂತಿರ್ತಾರೆ. ಇವತ್ತು ಮಿಶಿನ್ನಿಗೆ ರಜ."

"ಬಸ್ಸಾ?" ಎಂದರು ಸಾಹೇಬರು ನೆಲದ ಮೇಲಿಂದಲೇ. "ಮತ್ತೆ ಮೂವತ್ತೊಂದು ವರ್ಷದ ಗುರುಗಳು?"

ಹೋಲ್ಡಾನಪ್ಪ ಎದ್ದು ಕೂತ. ಕಾಲಿಗೆ ಬುದ್ಧಿ ಹೇಳೋಣವೆಂದರೆ ಬುದ್ಧಿ ಕೇಳುವ ಕಾಲು ಅದಾಗಿರಲಿಲ್ಲ.

"ಗುರುಗಳು ಡ್ರೈವರು, ಸ್ವಾಮಿ. ನಾನು ಕಂಡಕ್ಟರು. ನಿಂತ ನೆಲದ ಮೇಲೆ ನಿಲ್ಲೋಕೆ ನನಗೆ ಬರಲ್ಲ."

"ಮತ್ತೆ ಯಾಕಯ್ಯಾ ಈ ನಾಟಕ?"

ಅವನು ಯಾರನ್ನೂ ನೋಡದೆ ತನ್ನ ಪಾದಗಳಿಗೇ ಹೇಳಿದ. "ಇವಳ ಜೊತೆ ನಡ್ಕೊಂಡು ಮನೆಗೆ ಹೋಗೋಕೆ. ಹನ್ನೆರಡು ನಿಮಿಷದ ದಾರಿ. ಮೊದಲ ದಿನ ನಕ್ಕಳು. ಇನ್ನೊಂದು ದಿನ ನಗ್ತಾಳೇನೋ ಅಂತ. ಆಮೇಲೆ ಜನ ಜಾಸ್ತಿ ಆದ್ರು. ಅವಳ ಹತ್ರ ಮಾತಾಡೋಕೇ ಆಗ್ಲಿಲ್ಲ."

"ಏನ್ರೀ ಇದು!" ಹೆಂಡತಿ ಮೂರನೇ ಸಾಲಿನಿಂದ ಬಂದಳು. ದನಿ ಏರಿತ್ತು, ಕಣ್ಣು ತುಂಬಿತ್ತು, ಎರಡಕ್ಕೂ ಒಟ್ಟಿಗೆ ನಾಚಿಕೊಂಡಿದ್ದಳು. "ಇದನ್ನ ಹೇಳೋಕೆ ಊರು ಸೇರಿಸಬೇಕಿತ್ತಾ? ಸರ್ಕಾರ ಕರೆಸಬೇಕಿತ್ತಾ? ನಾನು ಈ ಕ್ಲಾಸಿಗೆ ಯಾಕೆ ಸೇರಿದೆ ಅಂದ್ಕೊಂಡ್ರಿ?"

"ಮಂಡಿ ನೋವಿಗೆ."

"ಮಂಡಿ ನೋವು ಎಂಟು ವರ್ಷದಿಂದ ಇತ್ತು. ಆರು ತಿಂಗಳ ಹಿಂದೆ ಯಾಕೆ ಸೇರಿದೆ? ಇನ್ನಾರು ತಿಂಗಳಿಗೆ ನೀವು ಮನೇಗೆ ಬರ್ತೀರಿ. ಬಂದ್ಮೇಲೆ ಎಲ್ಲಾದ್ರೂ ಇಬ್ಬರೂ ನಡ್ಕೊಂಡು ಹೋಗೋಣ, ಮೂಲೆ ಅಂಗಡಿವರೆಗೂ ನನ್ನ ಕೈಲಿ ಆಗ್ತಿಲ್ಲ, ಕಾಲು ಗಟ್ಟಿ ಮಾಡ್ಕೊಳ್ಳೋಣ ಅಂತ. ನೀವು ಬಂದ್ರಿ. ಊರಿನ ಕಾಲೆಲ್ಲ ನೋಡಿದ್ರಿ. ನನ್ನ ಕಾಲೊಂದು ನೋಡ್ಲಿಲ್ಲ."

"ನೀನು ಹೇಳ್ಲೇ ಇಲ್ವಲ್ಲೇ!"

"ನೀವು ಕೇಳಿದ್ರಾ?"

ಸಾಹೇಬರು ಮೆಲ್ಲಗೆ ತಮ್ಮ ಕಾಲುಚೀಲ ಹುಡುಕಿಕೊಂಡರು. ಪುಸ್ತಕದಲ್ಲಿ 'ನೆಲದ ಕುರಿತು ಹೆಚ್ಚಿನ ಅಧ್ಯಯನ ಅಗತ್ಯ' ಎಂದು ಬರೆದರು. ನಂತರ ಟೀಚರನ್ನು ಪಕ್ಕಕ್ಕೆ ಕರೆದು, ತಮ್ಮ ಎಡ ಮಂಡಿಯೂ ಒಳಗೆ ಬೀಳುತ್ತದೆ, ನಾಳೆಯಿಂದ ಯಾರಿಗೂ ಹೇಳದೆ ಬರಬಹುದೇ ಎಂದು ಕೇಳಿದರು. ಟೀಚರ್ ಹೋಲ್ಡಾನಪ್ಪನನ್ನು ಕೊನೆಯ ಸಾಲಿಗೆ, ಹೊಸಬರ ಜಾಗಕ್ಕೆ ಇಳಿಸಿದಳು. ಬೆಳಗಿನ ಹೊತ್ತು, ಮಿಶಿನ್ನು ಓಡದಿರುವಾಗ ಬರಬೇಕು ಎಂದು ಆಜ್ಞೆ ಮಾಡಿದಳು. ಮೇಸ್ತ್ರಿ ಅಕ್ಕನ ಮುಖ ನೋಡಿ ಶಿಷ್ಯರಿಗೆಲ್ಲ ಇನ್ನೊಂದು ಬಾಗಿಲು ತೋರಿಸಿದ.

ಗಂಡ ಹೆಂಡತಿ ಇಬ್ಬರೇ ಮೆಟ್ಟಿಲಿಳಿದು ರಸ್ತೆಗೆ ಬಂದರು. ಭಾನುವಾರದ ರಸ್ತೆ ಖಾಲಿ ಬಿದ್ದಿತ್ತು. ಅವನು ಒಂದು ಹೆಜ್ಜೆಗೆ ಎಡಕ್ಕೆ ಹೋದ. ಅವಳು ಅವನ ತೋಳು ಹಿಡಿದು ನೆಟ್ಟಗೆ ಮಾಡಿದಳು. ಹಿಡಿದ ಕೈ ಬಿಡಲಿಲ್ಲ. ಮನೆಗೆ ಹೋಗುವ ತಿರುವು ಬಂತು. ಅವಳು ಅಲ್ಲಿ ನಿಂತಳು.

ಅವನು ಅವಳ ಕಡೆ ತಿರುಗಿದ. ಮೂವತ್ತೊಂದು ವರ್ಷದಲ್ಲಿ ಗುರುತಿಲ್ಲದ ಲಕ್ಷಾಂತರ ಮುಖಗಳಿಗೆ, ಒಂದು ದಿನ ಬಿಡದೆ, ಅದೇ ಒಂದು ಪ್ರಶ್ನೆ ಕೇಳಿದವನು ಅವನು. ಇವಳನ್ನು ಮಾತ್ರ ಕೇಳಿರಲಿಲ್ಲ.

"ಎಲ್ಲಿಗೆ?"

ಅವಳು ರಸ್ತೆಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಹೋಗಬೇಕೆಂದುಕೊಂಡ ಜಾಗಗಳೆಲ್ಲ ಒಂದರ ಮೇಲೊಂದು ನೆನಪಾಗಿ ಅವಳ ಮುಖ ಚಿಕ್ಕ ಹುಡುಗಿಯದಾಯಿತು.

"ತಡೀರಿ," ಎಂದಳು. "ಯೋಚನೆ ಮಾಡಿ ಹೇಳ್ತೀನಿ. ಒಂದೇ ಸಲಕ್ಕೆ ಕೇಳಿದ್ರೆ ಹೇಗೆ?"

ಅವಳು ಯೋಚಿಸಿದಳು. ಯಾರಿಗೂ ಅರ್ಧ ನಿಮಿಷ ಕಾಯದಿದ್ದ ಹೋಲ್ಡಾನಪ್ಪ, ಅವಳ ಕೈ ಹಿಡಿದುಕೊಂಡು, ಅಲ್ಲಾಡದ ನೆಲದ ಮೇಲೆ ಸ್ವಲ್ಪ ಸ್ವಲ್ಪವೇ ಅಲ್ಲಾಡುತ್ತಾ ಕಾಯುತ್ತ ನಿಂತ.